ಮೊದಲ ಮೂರು ನಿಮಿಷ

ಬಾಟಲಿ ಕಪ್ಪಾಗುತ್ತದೆಯೋ ಇಲ್ಲವೋ ನೋಡುವುದು ನನ್ನ ಕೆಲಸ. ಅಂಗೈಯಷ್ಟು ಉದ್ದದ ಗಾಜಿನ ಬಾಟಲಿ, ಒಳಗೆ ಔಷಧಿ ಮೆತ್ತಿದ ಕಾಗದದ ಚೂರು. ಅದಕ್ಕೆ ನಲ್ಲಿಯ ನೀರು ತುಂಬಿ ಬೆಚ್ಚಗಿನ ಪೆಟ್ಟಿಗೆಯಲ್ಲಿಡುತ್ತೇವೆ. ಎರಡು ದಿನದೊಳಗೆ ನೀರು ಕಪ್ಪಾದರೆ ಅದಕ್ಕೆ ಮಲದ ಸೋಂಕು ತಗಲಿದೆ ಎಂದರ್ಥ. ಆಗದಿದ್ದರೆ ‘ಕುಡಿಯಲು ಯೋಗ್ಯ’ ಎಂದು ಮೊಹರು ಒತ್ತಿ ಕೆಳಗೆ ನಾನು ಸಹಿ ಹಾಕುತ್ತೇನೆ. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ನೀರು ಸರಬರಾಜು ಕಚೇರಿಯ ಪ್ರಯೋಗಾಲಯ ಸೇರಿ ಐದು ವರ್ಷವಾಯಿತು.

ಈ ಐದು ವರ್ಷದಲ್ಲಿ ನಮ್ಮ ಬೀದಿಯ ಬಾಟಲಿ ಒಮ್ಮೆಯೂ ಕಪ್ಪಾಗಿರಲಿಲ್ಲ.

ನನ್ನ ಗಂಡ ಕಾಮಾಲೆಯಿಂದ ತೀರಿಕೊಂಡು ಎಂಟು ತಿಂಗಳಾಗಿತ್ತು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದರು. ಮೂವತ್ತನಾಲ್ಕು ವರ್ಷ. ಹನ್ನೊಂದು ದಿನ ಮಲಗಿದ್ದರು. ಆ ತಿಂಗಳ ವರದಿಯಲ್ಲೂ ನನ್ನ ಸಹಿಯಿದೆ. ಕಡತ ತೆಗೆದು ನೋಡಿದ್ದೇನೆ. ಆ ದಿನಗಳ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನಗೆ ಆಗುವುದಿಲ್ಲ.

ಎದುರುಮನೆಯ ದರ್ಜಿಯ ಹೆಂಡತಿಗೆ ಕಣ್ಣು ಹಳದಿಯಾಯಿತು ಎಂದು ತಿಳಿದದ್ದು ಒಂದು ಸೋಮವಾರ. ಅದೇ ವಾರ ನಾದಿನಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಅವಳು ಏಳು ತಿಂಗಳ ಬಸುರಿ. ಗಂಡ ಲಾರಿ ಓಡಿಸುತ್ತಾನೆ, ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು. ಹಾಗಾಗಿ ಅವಳು, ಅತ್ತೆ, ನಾನು ಒಂದೇ ಮನೆಯಲ್ಲಿದ್ದೇವೆ. ಬೀದಿಯಲ್ಲಿ ಮತ್ತೆ ಕಾಮಾಲೆ ಎಂದು ಕೇಳಿದ ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

“ಬಸುರಿಗೆ ಈ ಕಾಮಾಲೆ ಬಂದ್ರೆ ಇಬ್ಬರನ್ನೂ ಉಳಿಸೋದು ಕಷ್ಟ. ಹೆದರಿಸೋಕೆ ಹೇಳ್ತಿಲ್ಲ. ಮಗು ಹುಟ್ಟೋವರೆಗೆ ಬೇರೆ ಕಡೆ ಇರೋಕಾಗುತ್ತಾ?”

“ನಮಗಿರೋದು ಅದೊಂದೇ ಮನೆ” ಎಂದಳು ನಾದಿನಿ. ಹೊರಗೆ ಬಂದ ಮೇಲೆ, “ಅತ್ತಿಗೆ, ಡಾಕ್ಟರಮ್ಮ ಮಾತಾಡೋದು ಕೇಳಿದ್ರೆ ನನ್ನ ಹೊಟ್ಟೇಲಿರೋದು ಮಗು ಅಲ್ಲ, ಗಾಜಿನ ಸಾಮಾನು ಅನ್ನಿಸ್ತು” ಎಂದು ನಕ್ಕಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ನನ್ನ ಕೈ ಹಿಡಿದುಕೊಂಡೇ ಕೂತಿದ್ದಳು.

ಮನೆಯಲ್ಲಿ ನೀರು ಕುದಿಸುತ್ತಿದ್ದೆವು. ಆದರೆ ಕುದಿಸಿದ ನೀರು ಹಾಕುವ ಲೋಟ ತೊಳೆಯುವುದು ನಲ್ಲಿಯ ನೀರಲ್ಲಿ. ತರಕಾರಿ, ಬಾಯಿ ಮುಕ್ಕಳಿಸುವುದು, ಎಲ್ಲವೂ ಅದರಲ್ಲೇ. ನಮ್ಮ ಬೀದಿಗೆ ದಿನ ಬಿಟ್ಟು ದಿನ, ಬೆಳಿಗ್ಗೆ ಆರರಿಂದ ಎಂಟರವರೆಗೆ ನೀರು ಬರುತ್ತದೆ. ನೀರಿನ ಮಾದರಿ ಹಿಡಿಯಲು ಬರುವವರನ್ನು ಕಚೇರಿಯಲ್ಲಿ ಎಲ್ಲರೂ ಬಾಟಲಿಯಣ್ಣ ಎನ್ನುತ್ತಾರೆ. ಮುಂದಿನ ಸರದಿಯ ದಿನ ನಾನು ಅವರ ಜೊತೆ ನಿಂತೆ.

ನೀರು ಬಂತು. ಬಾಟಲಿಯಣ್ಣ ನಲ್ಲಿಯ ಬಾಯಿಯನ್ನು ಬೆಂಕಿಯಲ್ಲಿ ಸುಟ್ಟರು. ಆಮೇಲೆ ನಲ್ಲಿ ತೆರೆದು ಗಡಿಯಾರ ನೋಡುತ್ತ ನಿಂತರು. ಮೂರು ನಿಮಿಷ ನೀರು ಚರಂಡಿಗೆ ಹರಿಯಿತು. ನಾಲ್ಕನೆಯ ನಿಮಿಷದ ನೀರು ಬಾಟಲಿಗೆ ಹೋಯಿತು.

“ಹಾಗೇ ಹಿಡಿದ್ರೆ ನಲ್ಲೀ ಕೊಳೆ ಸೇರ್ಕೊಳ್ಳುತ್ತೆ. ನಮಗೆ ಬೇಕಿರೋದು ಪೈಪಿನ ನೀರು, ನಲ್ಲೀದಲ್ಲ” ಎಂದರು. “ನಿಮಗೇ ಪಾಠ ಹೇಳ್ತಿದೀನಿ ನೋಡಿ!”

ಅವರಿಗೆ ಆ ಪಾಠ ಹೇಳಿಕೊಟ್ಟದ್ದು ನಾನೇ.

ನಾನು ಬೀದಿಯನ್ನು ನೋಡಿದೆ. ಆ ಮೂರು ನಿಮಿಷದಲ್ಲಿ ದರ್ಜಿ ಎರಡು ಬಿಂದಿಗೆ ತುಂಬಿಕೊಂಡು ಒಳಗೆ ಹೋಗಿದ್ದ. ಪಕ್ಕದ ಮನೆಯವರು ಪಾತ್ರೆಗೆ ಹಿಡಿದು ಒಲೆಯ ಮೇಲಿಟ್ಟಿದ್ದರು. ನನ್ನ ಗಂಡ ಬೆಳಗಿನ ನಡಿಗೆ ಮುಗಿಸಿ ಬಂದವರು ನಲ್ಲಿ ಕೆಮ್ಮಿದ ಕೂಡಲೇ ಮೊದಲ ಚೊಂಬು ಹಿಡಿದು ನಿಂತಲ್ಲೇ ಕುಡಿಯುತ್ತಿದ್ದರು. ತಣ್ಣಗಿರುತ್ತದೆ ಎನ್ನುತ್ತಿದ್ದರು.

ಅದರ ಮುಂದಿನ ಸರದಿಗೆ ಆರು ಬಾಟಲಿ ತೆಗೆದುಕೊಂಡು ಹೋಗಿ ಆರು ಮನೆಗಳಲ್ಲಿ ಮೊದಲ ನೀರು ಹಿಡಿದೆ. ಮರುದಿನ ಮಧ್ಯಾಹ್ನದ ಹೊತ್ತಿಗೆ ಐದು ಕಪ್ಪಾಗಿದ್ದವು. ಸಣ್ಣಪುಟ್ಟ ಕಪ್ಪಲ್ಲ, ಮಸಿಯ ಹಾಗೆ. ಐದನ್ನೂ ತಟ್ಟೆಯಲ್ಲಿಟ್ಟುಕೊಂಡು ಇಂಜಿನಿಯರ್ ಕೋಣೆಗೆ ಹೋದೆ.

“ಮೂರು ನಿಮಿಷ ಬಿಟ್ಟಿದ್ರಾ?”

“ಇಲ್ಲ ಸಾರ್.”

“ಹಾಗಾದ್ರೆ ಇದು ಸ್ಯಾಂಪಲ್ಲೇ ಅಲ್ಲ. ತಗೊಂಡು ಹೋಗಿ.”

“ಮೂರು ನಿಮಿಷ ಬಿಟ್ಟು ಕುಡೀರಿ ಅಂತ ನಾವು ಯಾರಿಗೂ ಹೇಳಿಲ್ಲ ಸಾರ್.”

ಅವರು ಕನ್ನಡಕ ತೆಗೆದರು. ಕೆಟ್ಟ ಮನುಷ್ಯರಲ್ಲ. “ನೋಡಮ್ಮ, ನಿನ್ನ ದುಃಖ ನನಗೆ ಅರ್ಥ ಆಗುತ್ತೆ…”

“ಇದು ದುಃಖ ಅಲ್ಲ ಸಾರ್. ಬಾಟಲಿ.”

ಅವರು ಒಂದು ಬಾಟಲಿ ಎತ್ತಿ ನೋಡಿ, “ಆಯ್ತು, ಕೊಳೆ ಎಲ್ಲಿಂದ ಬರ್ತಿದೆ ಹೇಳು” ಎಂದರು. “ಪೈಪು ಹೊಸದು, ಎರಡು ವರ್ಷ ಕೂಡ ಆಗಿಲ್ಲ. ಒಡೆದಿದ್ರೆ ರಸ್ತೆ ಒದ್ದೆ ಆಗಿರ್ತಿತ್ತು. ಎಲ್ಲಿ ಅಂತ ಗೊತ್ತಿಲ್ದೆ ಬೀದಿ ಪೂರ್ತಿ ಅಗೆಸ್ಲಾ?”

ಎಲ್ಲಿಂದ ಎಂದು ನನಗೂ ಗೊತ್ತಿರಲಿಲ್ಲ. ಗೊತ್ತಾದದ್ದು ನಮ್ಮದೇ ಹಿತ್ತಲಲ್ಲಿ.

ಹಿತ್ತಲಿನ ನಲ್ಲಿಗೆ ಒಂದು ಹಸಿರು ಪ್ಲಾಸ್ಟಿಕ್ ಕೊಳವೆ ಸಿಕ್ಕಿಸಿದೆ. ಅದರ ಇನ್ನೊಂದು ತುದಿ ಬಟ್ಟೆ ನೆನೆಸುವ ಸಿಮೆಂಟ್ ತೊಟ್ಟಿಯಲ್ಲಿ ಮುಳುಗಿರುತ್ತದೆ. ಅತ್ತೆ ಆ ನಲ್ಲಿಯನ್ನು ಎಂದೂ ನಿಲ್ಲಿಸುವುದಿಲ್ಲ. ನೀರು ಬರುವ ಮೊದಲು ಕೊಳವೆಯಿಂದ ಗಾಳಿ ಹೊರಟು ತೊಟ್ಟಿಯಲ್ಲಿ ಗುಳುಗುಳು ಸದ್ದಾಗುತ್ತದೆ. ಅದನ್ನು ಕೇಳಿ ಅವರು ಏಳುತ್ತಾರೆ. ಬೀದಿಯ ಅರ್ಧ ಮನೆಗಳಲ್ಲಿ ಇದೇ ಅಲಾರಾಂ.

ಆ ದಿನ ರಜೆ ಹಾಕಿದ್ದೆ. ಎಂಟು ಗಂಟೆಗೆ ನೀರು ನಿಂತಿತು. ತೊಟ್ಟಿಯಲ್ಲಿ ಬಟ್ಟೆ ನೆಂದಿತ್ತು, ಮೇಲೆ ಸೋಪಿನ ನೊರೆ. ನಾನು ಮೆಟ್ಟಿಲ ಮೇಲೆ ಕೂತು ಏನನ್ನೂ ಯೋಚಿಸದೆ ಅದನ್ನೇ ನೋಡುತ್ತಿದ್ದೆ. ನೊರೆ ನಿಧಾನವಾಗಿ ಕೊಳವೆಯ ಕಡೆಗೆ ಸರಿಯಿತು. ತೊಟ್ಟಿಯ ನೀರು ಒಂದು ಬೆರಳು ಇಳಿಯಿತು, ಆಮೇಲೆ ಎರಡು ಬೆರಳು. ಕೊಳವೆಯ ಬಾಯಿ ಹೀರುತ್ತಿತ್ತು.

ಮೇಲೆ ವಾಲ್ವ್ ಮುಚ್ಚಿದ ಮೇಲೂ ಇಳಿಜಾರಿನ ಮನೆಗಳವರು ನಲ್ಲಿ ತೆರೆದೇ ಇರುತ್ತಾರೆ. ಪೈಪಿನಲ್ಲಿ ಉಳಿದ ನೀರು ಕೆಳಗಿಳಿಯುತ್ತದೆ. ಖಾಲಿಯಾಗುವ ಪೈಪು ಎಲ್ಲೆಲ್ಲಿ ಬಾಯಿ ಮುಳುಗಿದೆಯೋ ಅಲ್ಲೆಲ್ಲ ಎಳೆದುಕೊಳ್ಳುತ್ತದೆ. ಹಾಗೆ ಬಂದ ಕೊಳೆನೀರು ಮುಂದಿನ ಸರದಿಯವರೆಗೆ ಪೈಪಿನ ಕತ್ತಲೆಯಲ್ಲಿ ಕೂತಿರುತ್ತದೆ. ಮತ್ತೆ ನೀರು ಬಿಟ್ಟಾಗ ಮೊದಲು ಹೊರಗೆ ಬರುವುದು ಅದೇ.

“ಅತ್ತೆ, ಈ ತೊಟ್ಟೀ ನೀರು ದಿನಾ ಇಳಿಯುತ್ತಾ?”

“ಸೋರುತ್ತೆ ಕಣೇ. ಎರಡು ಸಲ ಸಿಮೆಂಟ್ ಮೆತ್ತಿಸಿದೆ. ಆ ಗಾರೆಯವನು ಕೆಲಸಗಳ್ಳ.”

ಇಂಜಿನಿಯರರಿಗೆ ಕಣ್ಣಿಗೆ ಕಾಣುವ ಸಾಕ್ಷಿ ಬೇಕಿತ್ತು. ಬೇಕರಿಯಿಂದ ಕೇಕಿಗೆ ಹಾಕುವ ಹಸಿರು ಬಣ್ಣ ತಂದೆ. ಅದನ್ನು ಹಾಕಲು ನನಗೆ ಹಕ್ಕಿದ್ದದ್ದು ನಮ್ಮ ತೊಟ್ಟಿಗೆ ಮಾತ್ರ. ಅತ್ತೆಗೆ ಹೇಳಿದೆ, ದರ್ಜಿಗೆ ಹೇಳಿದೆ, ಕೆಳಗಿನ ಮನೆಗಳಿಗೆಲ್ಲ ಹೇಳಿದೆ. ಮುಂದಿನ ಸರದಿಯ ದಿನ ನೀರು ನಿಲ್ಲುವ ಹೊತ್ತಿಗೆ ತೊಟ್ಟಿಗೆ ಶುದ್ಧ ನೀರು ತುಂಬಿ ಬಣ್ಣ ಕಲಸಿದೆ. ಎರಡು ಬೆರಳು ಇಳಿಯಿತು.

ಅದರ ಮುಂದಿನ ಸರದಿಗೆ ಬೆಳಿಗ್ಗೆ ಆರಕ್ಕೆ ಇಂಜಿನಿಯರ್ ದರ್ಜಿಯ ಅಂಗಳದಲ್ಲಿ ಎರಡೂ ಕೈ ಜೇಬಿನಲ್ಲಿಟ್ಟು ನಿಂತಿದ್ದರು. ಜೊತೆಗೆ ವಾಲ್ವ್ ತಿರುಗಿಸುವ ಕೀಲಿಯಣ್ಣ, ಹೆಗಲ ಮೇಲೆ ಆಳೆತ್ತರದ ಕಬ್ಬಿಣದ ಕೀಲಿ. ನಲ್ಲಿ ಕೆಮ್ಮಿತು, ಗಾಳಿ ಉಗುಳಿತು. ಬಿಳಿ ಬಕೆಟ್ಟಿಗೆ ಬಿದ್ದ ನೀರು ಎಳೆ ಹಸಿರಾಗಿತ್ತು.

“ಸಾರ್, ಕಲರ್ ನೀರು ಅಂತ ಬಿಲ್ ಜಾಸ್ತಿ ಕಳಿಸ್ಬೇಡಿ” ಎಂದ ದರ್ಜಿ. ಒಳಗೆ ಅವನ ಹೆಂಡತಿ ಮಲಗಿದ್ದಳು. ಯಾರೂ ನಗಲಿಲ್ಲ.

ಕೆಳಗಿನ ಮೂರು ಮನೆಗಳಿಂದಲೂ ಕೂಗು ಬಂತು: “ಇಲ್ಲೂ ಹಸಿರು! ಇಲ್ಲೂ!” ಇಂಜಿನಿಯರ್ ಗಡಿಯಾರ ನೋಡಿಕೊಳ್ಳುತ್ತಿದ್ದರು. ಬಣ್ಣ ತಿಳಿಯಾಗುತ್ತ ಬಂದು, ನೀರು ಗಾಜಿನಂತಾಯಿತು.

“ಮೂರು ನಿಮಿಷ” ಎಂದರು.

ನಾನು ತಿರುಗಿ ನೋಡಿದಾಗ ಅತ್ತೆ ನಮ್ಮ ಗೇಟಿನಲ್ಲಿ ನಿಂತು ದರ್ಜಿಯ ಬಕೆಟ್ಟನ್ನೇ ನೋಡುತ್ತಿದ್ದರು. ಆಮೇಲೆ ಒಳಗೆ ಹೋದರು. ನಾನು ಹೋಗುವಷ್ಟರಲ್ಲಿ ಕೊಳವೆಯನ್ನು ನಲ್ಲಿಯಿಂದ ಕಿತ್ತು ಸುತ್ತಿ ಮೂಲೆಗೆ ಹಾಕಿದ್ದರು.

ಕೊಳವೆ ಕೀಳಿಸಿದರೆ ಸಾಲದು ಎಂದು ಇಂಜಿನಿಯರರಿಗೂ ಗೊತ್ತಿತ್ತು. ಪ್ರತಿ ಸಲ ಪೈಪು ಖಾಲಿಯಾಗುತ್ತಿದ್ದರೆ ಅದು ಎಲ್ಲೋ ಒಂದು ಕಡೆ ಹೀರುತ್ತಲೇ ಇರುತ್ತದೆ. ಮಧ್ಯಾಹ್ನ ತಮ್ಮ ಕೋಣೆಗೆ ಕರೆದರು.

“ಪೈಪು ಯಾವಾಗಲೂ ತುಂಬಿರಬೇಕು. ಅಂದ್ರೆ ಹಗಲು ರಾತ್ರಿ ಸಣ್ಣಗೆ ನೀರು ಬಿಟ್ಟಿರಬೇಕು. ಟ್ಯಾಂಕಲ್ಲಿ ಅಷ್ಟು ನೀರೆಲ್ಲಿದೆ? ನಿಮ್ಮ ಬೀದಿ ಒಂದು ಸರದೀಲಿ ಅರವತ್ತು ಸಾವಿರ ಲೀಟರ್ ಕುಡಿಯುತ್ತೆ. ಅದನ್ನ ಸರದಿಗೆ ನಲವತ್ತು ಸಾವಿರಕ್ಕೆ ಇಳಿಸಿ ತೋರಿಸು. ಆಗ ಹದಿನೈದು ದಿನ ವಾಲ್ವ್ ಕಾಲು ತಿರುವು ತೆರೆದಿಡ್ತೀನಿ. ಬೀದಿ ಕೊನೇಲಿ ಒತ್ತಡದ ಮೀಟರ್ ಹಾಕಿಸ್ತೀನಿ. ಹದಿನೈದನೇ ದಿನದೊಳಗೆ ಮುಳ್ಳು ಸೊನ್ನೆಗೆ ಬೀಳೋದು ನಿಲ್ಲದಿದ್ರೆ ಮತ್ತೆ ಹಳೇ ಪದ್ಧತಿ. ಉಳಿದ ಬೀದಿಗಳ ಬಾಯಿಗೆ ನಾನು ಸಿಕ್ಕಿಹಾಕ್ಕೊಳ್ಳೋಕಾಗಲ್ಲ.”

“ಆಯ್ತು ಸಾರ್.”

“ಆಗುತ್ತಾ?”

“ಆಗ್ಬೇಕು ಸಾರ್.”

ಮೂವತ್ತೆಂಟು ಮನೆ. ಕೆಲಸ ಮುಗಿಸಿ ಬಂದ ಮೇಲೆ ಸಂಜೆ ಹೊರಡುತ್ತಿದ್ದೆ. ಚೀಲದಲ್ಲಿ ನಲ್ಲಿಯ ವಾಷರ್, ಸ್ಪ್ಯಾನರ್, ದಾರ. ಮೊದಲ ದಿನವೇ ನಾದಿನಿ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಳು.

“ನೀನು ಮನೇಲಿರು.”

“ಅತ್ತಿಗೆ, ನೀವು ಬಾಗಿಲು ತಟ್ಟಿದ್ರೆ ಸರ್ಕಾರ ಬಂತು ಅಂತ ಒಳಗೇ ಅಡಗ್ತಾರೆ. ನನ್ನ ಹೊಟ್ಟೆ ಮುಂದೆ ಹೋದ್ರೆ ಕುರ್ಚಿ ಹಾಕ್ತಾರೆ.”

ಅವಳು ಹೇಳಿದ್ದು ಸರಿಯಾಗಿತ್ತು. ಅವಳು ಕುರ್ಚಿಯಲ್ಲಿ ಕೂತು ಮಾತಾಡುತ್ತಿದ್ದಳು, ನಾನು ನಲ್ಲಿ ಬಿಚ್ಚುತ್ತಿದ್ದೆ. ಸೋರುವ ನಲ್ಲಿಗೆ ಚಿಂದಿ ಕಟ್ಟಿ ಸುಮ್ಮನಾದವರು ಹನ್ನೆರಡು ಮನೆಯವರು. ತೊಟ್ಟಿಯಲ್ಲೋ ಬಕೆಟ್ಟಿನಲ್ಲೋ ಚರಂಡಿಯ ಪಕ್ಕದಲ್ಲೋ ಕೊಳವೆ ಬಿಟ್ಟವರು ಇಪ್ಪತ್ತಮೂರು. ಎಲ್ಲಕ್ಕಿಂತ ಹೆಚ್ಚು ನೀರು ಹೋಗುತ್ತಿದ್ದದ್ದು ನಾನು ಊಹಿಸದೇ ಇದ್ದ ದಾರಿಯಲ್ಲಿ. ಹೊಸ ನೀರು ಬಂದ ಕೂಡಲೇ ಡ್ರಮ್ಮಿನಲ್ಲಿ ಉಳಿದ ನೀರನ್ನೆಲ್ಲ ಹೊರಗೆ ಚೆಲ್ಲುತ್ತಿದ್ದರು.

“ಎರಡು ದಿನದ್ದು, ಹಳಸಿರುತ್ತೆ” ಎಂದರು ಒಬ್ಬ ಅಜ್ಜಿ.

“ಹಳಸೋಕೆ ಅದೇನು ಹಾಲಾ ಅಜ್ಜಿ?” ಎಂದಳು ನಾದಿನಿ. “ಮುಚ್ಚಿಡಿ, ಸಾಕು. ಇನ್ನು ಕೆಲವೇ ದಿನ, ಆಮೇಲೆ ನಲ್ಲೀಲಿ ಯಾವಾಗಲೂ ನೀರಿರುತ್ತೆ. ಕೂಡಿಡೋದೂ ಬೇಡ, ಚೆಲ್ಲೋದೂ ಬೇಡ.”

“ಯಾವಾಗಲೂ ಅಂದ್ರೆ? ಮಧ್ಯಾಹ್ನಾನೂ?”

“ಮಧ್ಯಾಹ್ನಾನೂ.”

“ಹೋಗೇ, ಬಸುರಿ ಅಂತ ಸುಮ್ಮನಿದ್ರೆ ಏನೇನೋ ಹೇಳ್ತೀಯ” ಎಂದರು ಅಜ್ಜಿ. ಆದರೆ ಡ್ರಮ್ಮಿಗೆ ಮುಚ್ಚಳ ಹುಡುಕಲು ಎದ್ದರು.

ಎಂಟು ದಿನಕ್ಕೆ ನಲವತ್ತೊಂದು ಸಾವಿರಕ್ಕೆ ಇಳಿಯಿತು. ಇಂಜಿನಿಯರ್ ಒಂದು ಸಾವಿರ ಬಿಟ್ಟುಕೊಟ್ಟರು. ಕೀಲಿಯಣ್ಣ ವಾಲ್ವ್ ಕಾಲು ತಿರುವು ತೆರೆದಿಟ್ಟು, “ಇನ್ನು ನನ್ನ ಸೊಂಟಕ್ಕೂ ಸ್ವಲ್ಪ ರಜೆ” ಎಂದರು. ಬೀದಿಯ ಕೊನೆಯ ಗೋಡೆಗೆ ಮೀಟರ್ ಕೂರಿಸಿದರು. ಅದರ ಪಕ್ಕದ ಮನೆ ನಿವೃತ್ತ ಬಸ್ ಕಂಡಕ್ಟರರದ್ದು.

ಮೊದಲ ದಿನ ಮುಳ್ಳು ನೆಟ್ಟಗೆ ನಿಂತಿತ್ತು. ಎರಡನೆಯ ದಿನ ಸಂಜೆ ಐದಕ್ಕೆ ಸೊನ್ನೆಗೆ ಬಿತ್ತು. ಅರ್ಧ ಗಂಟೆಗೆ ಮತ್ತೆ ಎದ್ದಿತು. ಮೂರನೆಯ ದಿನವೂ ಐದಕ್ಕೇ. ಪಕ್ಕದ ಕಾಂಪೌಂಡಿಗೆ ಕಿವಿಗೊಟ್ಟು ಕೇಳಿದೆ. ಒಳಗೆ ಮೋಟಾರು ಗುಂಯ್‌ಗುಡುತ್ತಿತ್ತು. ಕಂಡಕ್ಟರ್ ಬೀದಿಯ ಪೈಪಿಗೇ ನೇರವಾಗಿ ಮೋಟಾರು ಜೋಡಿಸಿ ನೀರು ಎಳೆಯುತ್ತಿದ್ದರು. ಆ ಅರ್ಧ ಗಂಟೆ ಇಡೀ ಬೀದಿಯ ಪೈಪು ಮತ್ತೆ ಹೀರುತ್ತಿತ್ತು.

ನಾನು ಹೋಗಿ ಹೇಳಿದೆ. ಅವರು ಗೇಟು ತೆರೆಯಲಿಲ್ಲ.

“ಮೂವತ್ತು ವರ್ಷ ಬಸ್ಸಲ್ಲಿ ಜನರನ್ನ ನೋಡಿದೀನಮ್ಮ. ಎಲ್ಲರೂ ಸ್ವಲ್ಪ ಸ್ವಲ್ಪ ಸರ್ಕೊಳ್ಳಿ ಅಂದ್ರೆ ಯಾವನೂ ಸರಿಯಲ್ಲ. ನಾನೊಬ್ಬನೇ ಯಾಕೆ ಸರೀಲಿ? ಮುಂದೆ ಹೋಗಿ, ಮುಂದೆ ಹೋಗಿ.”

“ಮೂವತ್ತೇಳು ಮನೆ ಸರಿದಿದೆ ಸಾರ್.”

“ಹಾಗಾದ್ರೆ ಜಾಗ ಇದೆಯಲ್ಲ, ನಾನು ಕೂತ್ಕೋತೀನಿ.”

ಮತ್ತೆರಡು ಸಲ ಹೋದೆ. ಕೀಲಿಯಣ್ಣನನ್ನು ಕಳಿಸಿದೆ. ಸಂಪರ್ಕ ಕತ್ತರಿಸುವ ನೋಟೀಸು ಕೊಡೋಣ ಎಂದರು ಇಂಜಿನಿಯರ್. ಅದು ಜಾರಿಯಾಗಲು ಒಂದು ತಿಂಗಳು. ಎಂಟು ದಿನ ಕಳೆದಿತ್ತು. ನಾದಿನಿಗೆ ಎಂಟನೆಯ ತಿಂಗಳು ತುಂಬುತ್ತಿತ್ತು.

ಒಂಬತ್ತನೆಯ ದಿನ ಭಾನುವಾರ. ಮಧ್ಯಾಹ್ನ ಅತ್ತೆ ಅಡುಗೆಮನೆಯಲ್ಲಿ ನನ್ನ ಹಿಂದೆ ಬಂದು ನಿಂತರು. ಬಣ್ಣದ ನೀರು ನೋಡಿದ ದಿನದಿಂದ ಅವರು ಬೇಕಾದಷ್ಟೇ ಮಾತಾಡುತ್ತಿದ್ದರು.

“ನಮ್ಮ ತೊಟ್ಟೀದು ದರ್ಜಿ ಮನೆಗೆ ಹೋಯ್ತಲ್ಲ.”

“ಹೂಂ.”

“ನನ್ನ ಮಗನ ಬಟ್ಟೆ ಹನ್ನೊಂದು ದಿನ ಅದೇ ತೊಟ್ಟೀಲಿ ನೆನೆಸಿದೀನಿ.”

ನಾನು ಒಲೆ ಆರಿಸಿದೆ. “ಅತ್ತೆ, ದರ್ಜಿ ಹೆಂಡತಿಗೆ ಬಂದದ್ದು ಅದರಿಂದಲೇ ಅಂತ ಹೇಳೋಕಾಗಲ್ಲ. ತುಂಬಾ ತಿಂಗಳಾಗಿದೆ. ನಿಮ್ಮ ಮಗನಿಗೆ ಯಾರ ಮನೆಯಿಂದ ಬಂತು ಅಂತಾನೂ ಹೇಳೋಕಾಗಲ್ಲ.”

“ಅಲ್ಲ ಅಂತ ಹೇಳೋಕಾಗುತ್ತಾ?”

ಇಲ್ಲ ಎಂದೆ. ಸುಳ್ಳು ಹೇಳಬಹುದಿತ್ತು. ಐದು ವರ್ಷ ಗೊತ್ತಿಲ್ಲದೆ ಹೇಳಿದ್ದೇ ಸಾಕಾಗಿತ್ತು.

ಅವರು ತಲೆಯಾಡಿಸಿದರು. ಗೂಡಿನಲ್ಲಿದ್ದ ನನ್ನ ಸ್ಪ್ಯಾನರ್ ತೆಗೆದುಕೊಂಡು ಚಪ್ಪಲಿ ಮೆಟ್ಟಿದರು. ನಾನು ಹಿಂದೆಯೇ ಹೋದೆ. ಅವರು ಕಂಡಕ್ಟರರ ಗೇಟಿನ ಚಿಲಕವನ್ನು ತಾವೇ ತೆಗೆದು ಒಳಗೆ ನಡೆದರು.

ಕಂಡಕ್ಟರ್ ಹಿತ್ತಲಲ್ಲಿ ಕುಕ್ಕರಗಾಲಲ್ಲಿ ಕೂತು ಬೆಡ್‌ಶೀಟು ಉಜ್ಜುತ್ತಿದ್ದರು. ಮೊಣಕೈವರೆಗೆ ಸೋಪು. ಪಕ್ಕದಲ್ಲಿ ಇನ್ನೂ ಒಂದು ರಾಶಿ. ಕಿಟಕಿಯೊಳಗೆ ಮಂಚದ ಮೇಲೆ ಅವರ ಹೆಂಡತಿ ಗೋಡೆಗೆ ಮುಖ ಮಾಡಿ ಮಲಗಿದ್ದರು. ಹಾಸಿಗೆ ಹಿಡಿದಿದ್ದಾರೆ ಎಂದು ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಮ್ಮನ್ನು ನೋಡಿ ಕಂಡಕ್ಟರ್ ದಡಬಡಿಸಿ ಎದ್ದರು.

“ಇದೇನು, ಟಿಕೆಟ್ ಇಲ್ದೆ ಹತ್ತಿಬಿಡೋದಾ?”

ಅತ್ತೆ ಕಿಟಕಿಯ ಕಡೆ ನೋಡಿದರು. “ಎಷ್ಟು ದಿನದಿಂದ?”

“…ಆರು ತಿಂಗಳು.” ಅವರ ದನಿ ಇಳಿಯಿತು. “ದಿನಕ್ಕೆ ಎರಡು ಸಲ ಎಲ್ಲಾ ಬದಲಾಯಿಸ್ಬೇಕು. ನೀರು ನಿಂತುಹೋದ್ರೆ ನಾನೇನು ಮಾಡ್ಲಿ? ಯಾರನ್ನ ಕೇಳ್ಲಿ? ಅದಕ್ಕೇ ಆ ಮೋಟಾರು. ನಿಮ್ಮ ಸೊಸೆಗೆ ಇದೆಲ್ಲ ಹೇಳ್ಕೊಂಡು ಕೂರೋಕಾಗುತ್ತಾ?”

“ಈ ತೊಳೆದ ನೀರೆಲ್ಲ ಎಲ್ಲಿಗೆ ಹೋಗುತ್ತೆ?”

ಅವರು ಕೈ ತೋರಿಸಿದರು. ಒಡೆದ ಚರಂಡಿ. ಅದರ ಪಕ್ಕದಲ್ಲೇ ಮೋಟಾರು, ಅದರ ಬುಡದ ಜೋಡಣೆಯ ಸುತ್ತ ಬೂದು ನೀರು ನಿಂತಿತ್ತು.

ಅತ್ತೆ ಆ ನೀರನ್ನು ನೋಡಿದರು. ಆಮೇಲೆ ಹೇಳಿದರು, ತರಕಾರಿಯವನ ಹತ್ತಿರ ಮಾತಾಡುವಷ್ಟೇ ಸಹಜವಾಗಿ: “ನನ್ನ ಕೊಳವೆ ತೊಟ್ಟೀಲಿ ಬಿದ್ದಿತ್ತು. ಮಗನ ಬಟ್ಟೆ ಅದರಲ್ಲೇ ನೆನೆಸ್ತಿದ್ದೆ. ಅದು ಬೀದಿಗೆಲ್ಲ ಹೋಗಿದೆ. ದರ್ಜಿ ಹೆಂಡತಿ ಮಲಗಿದಾಳೆ. ನನ್ನಿಂದ ಆಯ್ತೋ ಇಲ್ವೋ ಇವಳಿಗೂ ಗೊತ್ತಿಲ್ಲ, ಎಂ.ಎಸ್ಸಿ. ಓದಿದಾಳೆ. ನಾನು ಸಾಯೋವರೆಗೂ ಗೊತ್ತಾಗಲ್ಲ. ನನ್ನ ಮಗಳಿಗೆ ಎಂಟು ತಿಂಗಳು. ನಾಳೆ ಅವಳಿಗೆ ಏನಾದ್ರೂ ಆದ್ರೆ ನೀವು ಇಲ್ಲಿ ಕೂತು ಬಟ್ಟೆ ಉಜ್ಜುತ್ತಾ ಅದನ್ನೇ ಯೋಚಿಸ್ತೀರ. ಬೇಡ. ಅದೊಂದು ನಿಮಗೆ ಬೇಡ.”

ಕಂಡಕ್ಟರ್ ಕೈಯ ಸೋಪನ್ನು ಲುಂಗಿಗೆ ಒರೆಸಿಕೊಂಡರು. ಮತ್ತೆ ಒರೆಸಿಕೊಂಡರು.

“ನಲ್ಲಿ ನಿಂತುಹೋದ್ರೆ?”

“ನಿಂತ ದಿನ ನನ್ನ ಡ್ರಮ್ಮು ಇಲ್ಲಿಗೆ ಬರುತ್ತೆ. ನಂದು ಮುಗಿದ್ರೆ ದರ್ಜಿದು. ಆಮೇಲೆ ಅಜ್ಜೀದು. ಮೂವತ್ತೇಳು ಇದೆ, ಎಣಿಸ್ಕೊಳ್ಳಿ.” ಸ್ಪ್ಯಾನರ್ ಮುಂದೆ ಹಿಡಿದರು. “ತೆಗೀತೀರೋ, ನಾನೇ ತೆಗೀಲೋ?”

ಅವರೇ ತೆಗೆದರು. ಬೋಲ್ಟುಗಳು ತುಕ್ಕು ಹಿಡಿದಿದ್ದವು. ಕೊನೆಯದು ಬಿಡಲು ಅರ್ಧ ಗಂಟೆಯಾಯಿತು. ಕೀಲಿಯಣ್ಣ ಬಂದು ಪೈಪಿನ ಬಾಯಿಗೆ ತಿರುಪಿನ ಮುಚ್ಚಳ ಹಾಕಿ, ಗೋಡೆಯ ಮೇಲೆ ಎತ್ತರದಲ್ಲಿ ಬೇರೆ ನಲ್ಲಿ ಕೂರಿಸಿದರು. ನಾನು ಐದು ಗಂಟೆಗೆ ಮೀಟರಿನ ಮುಂದೆ ನಿಂತೆ. ಐದೂವರೆ. ಆರು. ಮುಳ್ಳು ಕದಲಲಿಲ್ಲ.

ಕಂಡಕ್ಟರ್ ಹೊಸ ನಲ್ಲಿಯನ್ನು ತಾಸಿಗೊಮ್ಮೆ ತಿರುಗಿಸಿ ನೋಡುತ್ತಿದ್ದರಂತೆ, ನಂಬಿಕೆ ಬರಲು ಮೂರು ದಿನ ಹಿಡಿಯಿತಂತೆ. ಒಡೆದ ಚರಂಡಿಗೆ ಅತ್ತೆ ಗಾರೆಯವನನ್ನು ಕರೆತಂದರು. ಅವನೇ, ಎರಡು ಸಲ ಬೈಸಿಕೊಂಡವನು. ಈ ಸಲ ಅವನನ್ನು ಕೂರಿಸಿ ಕಾಫಿ ಕೊಟ್ಟರು.

ಹದಿನೈದನೆಯ ದಿನ ಬೆಳಿಗ್ಗೆ ಬಾಟಲಿಯಣ್ಣ ಮತ್ತು ನಾನು ಹನ್ನೆರಡು ಮನೆಗಳಲ್ಲಿ ನಲ್ಲಿ ತೆರೆದ ಕೂಡಲೇ ಬಿದ್ದ ನೀರು ಹಿಡಿದೆವು. ಅವರ ಕೈ ಅಭ್ಯಾಸಬಲದಿಂದ ಗಡಿಯಾರದ ಕಡೆ ಹೋಗುತ್ತಿತ್ತು. ಎರಡು ದಿನ ಕಾದೆ. ಎರಡನೆಯ ದಿನ ಸಂಜೆ ಪೆಟ್ಟಿಗೆ ತೆರೆದು ಒಂದೊಂದನ್ನೇ ಕಿಟಕಿಯ ಬೆಳಕಿಗೆ ಹಿಡಿದೆ. ಹನ್ನೆರಡೂ ತಿಳಿಯಾಗಿದ್ದವು. ಇಂಜಿನಿಯರ್ ತಟ್ಟೆಯನ್ನು ತಮ್ಮ ಮೇಜಿನ ಮೇಲೆ ಬಹಳ ಹೊತ್ತು ಇಟ್ಟುಕೊಂಡಿದ್ದರು. ವಾಲ್ವ್ ಮುಚ್ಚಬೇಡಿ ಎಂದು ಬರೆದುಕೊಟ್ಟರು.

“ಮೇಲಿನ ಬೀದೀಲಿ ಐವತ್ತೆರಡು ಮನೆ ಇದೆ” ಎಂದರು, ನನ್ನ ಮುಖ ನೋಡದೆ.

ಮನೆಗೆ ಬಂದು ಹೇಳಿದೆ. ನಾದಿನಿ ಕಾಲು ಚಾಚಿ ಕೂತಿದ್ದಳು, ಪಾದ ಊದಿಕೊಂಡಿತ್ತು. ನಲ್ಲಿಯಿಂದ ಲೋಟ ತುಂಬಿಕೊಳ್ಳಲೇ ಎಂದು ಕೇಳಿದಳು. ಇನ್ನೊಂದು ತಿಂಗಳು ಕುದಿಸಿಯೇ ಕುಡಿ ಎಂದೆ. ಅವಳು ಮುಖ ಊದಿಸಿಕೊಂಡಳು.

ಅತ್ತೆ ನನ್ನ ಚೀಲವನ್ನು ನೆಲದ ಮೇಲೆ ಸುರಿದು, ಉಳಿದ ವಾಷರ್‌ಗಳನ್ನು ದೊಡ್ಡದು ಸಣ್ಣದು ಎಂದು ಬೇರೆ ಮಾಡುತ್ತಿದ್ದರು.

“ಸಣ್ಣವು ಸಾಲಲ್ಲ” ಎಂದರು. “ನಾಳೆ ಆಫೀಸಿಂದ ಬರುವಾಗ ತಗೊಂಡು ಬಾ. ಬೇಗ ಬಾ, ಬೆಳಕಿರುವಾಗಲೇ ಹೊರಡೋಣ.”